ಬಡಾವಣೆಯ ಹಿರಿಯರಿಗೆ ವ್ಯಾಯಾಮ-ಹರಟೆಯ ಗುಂಪು: ಎರಡು ತಿಂಗಳಿಗೆ ಮುರಿಯದ ಹಾಂಗ ಹ್ಯಾಂಗ ಕಟ್ಟೋದು?

ತೊಗರಿನಾಡು ಕೇಳಿದ್ದು:

ಎಲ್ಲರಿಗೂ ಶರಣು. ಕಲಬುರಗಿಯ ಸೇಡಂ ರಸ್ತೆ ಕಡೆಯ ಒಂದು ಬಡಾವಣೆ. 60 ದಾಟಿದವರು 40 ಮಂದಿ ಸಮೀಪ ಇದ್ದಾರ. ಅರ್ಧಕ್ಕಿಂತ ಹೆಚ್ಚು ಮನಿಯೊಳಗ ಮಕ್ಕಳು ಬೆಂಗಳೂರು, ಪುಣೆ, ಹೈದರಾಬಾದ್ ಸೇರ್ಯಾರ. ಮನ್ಯಾಗ ಗಂಡ-ಹೆಂಡತಿ ಇಬ್ಬರೇ, ಇಲ್ಲಾಂದ್ರ ಒಬ್ಬರೇ. ಉಣ್ಣಲಿಕ್ಕೆ ಉಡಲಿಕ್ಕೆ ಕಮ್ಮಿ ಇಲ್ಲ, ಮಾತಾಡಲಿಕ್ಕೆ ಮಂದಿ ಇಲ್ಲ. ದಿನಾ ಪೂರ್ತಿ ಟಿವಿ ಹಚ್ಚಿಟ್ಟು ಕುಂಡ್ರತಾರ.

ವ್ಯಾಯಾಮದ ನೆಪದಾಗ ಇವರನ್ನ ಹೊರಗ ತರಬೇಕಂತ ವಿಚಾರ ಅದ. ಸಣ್ಣ ಉದ್ಯಾನ ಅದ, ಶಹಾಬಾದ್ ಫರಸಿ ಕಲ್ಲು ಹಾಸಿದ ದಾರಿ, ಎರಡು ಬೆಂಚು. ಪಕ್ಕದಾಗ ಗುಡಿಗೆ ಸೇರಿದ ಸಭಾಮಂಟಪ, ಅಲ್ಲಿ ನೀರು, ಪಾಯಖಾನೆ ಎರಡೂ ಅವ.

ಕೇಳೋದು ಇಷ್ಟು: ಎಷ್ಟು ಹೊತ್ತಿಗೆ ಇಡಬೇಕು? ಮೊಣಕಾಲು ನೋವು, ಬಿಪಿ, ಸಕ್ಕರೆ ಇದ್ದವರಿಗೆ ಏನು ಮಾಡಿಸಬೇಕು, ಏನು ಬ್ಯಾಡ? ಹೆಣ್ಣುಮಕ್ಕಳು ಬರೋ ಹಾಂಗ ಹ್ಯಾಂಗ ಮಾಡೋದು? ಮತ್ತ ಇಂಥ ಗುಂಪು ಮೊದಲ ತಿಂಗಳು ಜಾತ್ರಿ ಹಾಂಗ ತುಂಬಿ ಮೂರನೇ ತಿಂಗಳಿಗೆ ಖಾಲಿ ಆಗೋದು ಯಾಕ?

ಕಟ್ಟೆಮಾತು ಉತ್ತರಿಸಿದ್ದು:

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುವೆ, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ಗುಂಪು ಖಾಲಿಯಾಗಲು ಮೊದಲ ಕಾರಣ, ವ್ಯಾಯಾಮ ಮುಗಿದ ತಕ್ಷಣ ಎಲ್ಲರೂ ಚಪ್ಪಲಿ ಮೆಟ್ಟಿ ಹೊರಡುವುದು. ಒಬ್ಬರು ಮುಂದೆ ನಿಂತು ಮಾಡಿಸುತ್ತಾರೆ, 30 ಮಂದಿ ಅವರ ಕಡೆ ಮುಖ ಮಾಡಿ ನಿಲ್ಲುತ್ತಾರೆ, ಪಕ್ಕದವರ ಹೆಸರೂ ಗೊತ್ತಾಗುವುದಿಲ್ಲ. ಹಾಗೆ ಆರು ತಿಂಗಳು ಬಂದರೂ ಒಂಟಿತನ ಒಂದು ಕೂದಲೆಳೆಯಷ್ಟೂ ಇಳಿಯುವುದಿಲ್ಲ. ಒಂದು ತಾಸಿನಲ್ಲಿ 35 ನಿಮಿಷ ಮೈಗೆ, 25 ನಿಮಿಷ ಮಾತಿಗೆ ಅಂತ ಮೊದಲ ದಿನವೇ ಗೆರೆ ಎಳೆಯಿರಿ. ಮಾತಿನ ಹೊತ್ತನ್ನು ‘ಉಳಿದರೆ ನೋಡೋಣ’ ಅಂತ ಬಿಟ್ಟರೆ ಅದು ಎಂದೂ ಉಳಿಯುವುದಿಲ್ಲ. ಚಹಾ ವ್ಯಾಯಾಮಕ್ಕೆ ಮೊದಲು ಬೇಡ, ಆಮೇಲೆ ಕೊಡಿ. ಅರ್ಧ ಲೋಟ ಚಹಾ ಕೈಯಲ್ಲಿದ್ದರೆ ಮನುಷ್ಯ ಹತ್ತು ನಿಮಿಷ ಕೂಡುತ್ತಾನೆ.

ಸಂಖ್ಯೆ: 40 ಮಂದಿಗೆ ಒಂದೇ ಗುಂಪು ಕಟ್ಟಬೇಡಿ. 12ರಿಂದ 15 ಸಾಕು. 15 ದಾಟಿದರೆ ವೃತ್ತ ತಾನಾಗೇ ಎರಡು ಮೂರು ತುಂಡಾಗುತ್ತದೆ, ಕಿವಿ ಮಂದವಾದವರು ಯಾವ ತುಂಡಿಗೂ ಸೇರುವುದಿಲ್ಲ. ಇನ್ನೂ ಮಂದಿ ಬಂದರೆ ಸಂತೋಷ, ಬೇರೆ ಹೊತ್ತಿಗೆ ಎರಡನೆಯ ಗುಂಪು ಮಾಡಿ. ವಾರಕ್ಕೆ ಮೂರು ದಿನ, ಪ್ರತಿ ವಾರ ಅದೇ ದಿನಗಳು, ಅದೇ ಹೊತ್ತು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ 65 ದಾಟಿದವರಿಗೆ ಸಮತೋಲ ಮತ್ತು ಸ್ನಾಯುಬಲದ ವ್ಯಾಯಾಮ ವಾರಕ್ಕೆ ಕನಿಷ್ಠ 3 ದಿನ ಅನ್ನುತ್ತದೆ, ಜೊತೆಗೆ ನಡಿಗೆಯಂಥದ್ದು ವಾರಕ್ಕೆ 150ರಿಂದ 300 ನಿಮಿಷ. ದಿನಾ ಇಟ್ಟರೆ ಒಂದು ದಿನ ತಪ್ಪಿದವರಿಗೆ ‘ಇರಲಿ, ನಾಳೆ’ ಅನಿಸಿಬಿಡುತ್ತದೆ. ಮೂರೇ ದಿನ ಅಂದಾಗ ತಪ್ಪಿಸಿದ್ದು ಎದ್ದು ಕಾಣುತ್ತದೆ.

ಹೊತ್ತಿನ ವಿಚಾರದಲ್ಲಿ ನಮ್ಮ ಊರಿನ ಬಿಸಿಲೇ ಯಜಮಾನ. ಏಪ್ರಿಲ್-ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ 1:30ಕ್ಕೆ ಸರಿಯುವ ಊರು ಇದು. ಮಾರ್ಚ್ ನಡುವಿನಿಂದ ಜೂನ್ ಮೊದಲ ಮಳೆವರೆಗೆ 6ಕ್ಕೆ ಶುರು ಮಾಡಿ 7ಕ್ಕೆ ಎದ್ದುಬಿಡಿ. ಡಿಸೆಂಬರ್-ಜನವರಿಯಲ್ಲಿ ಸೂರ್ಯ ಹುಟ್ಟುವುದೇ 6:50ರ ಹೊತ್ತಿಗೆ. ಆಗ 7:30ಕ್ಕೆ ಮೊದಲು ಯಾರನ್ನೂ ಕರೆಯಬೇಡಿ. ಕತ್ತಲಲ್ಲಿ ಎಡವುತ್ತಾರೆ, ಚಳಿಗೆ ಬಿಪಿ ಏರುತ್ತದೆ, ಉಬ್ಬಸದವರಿಗೆ ಎದೆ ಹಿಡಿಯುತ್ತದೆ.

ಇನ್ನೊಂದು ಸಂಗತಿ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಬಿಪಿಗೆ ಅಥವಾ ಕಾಲು ಬಾವಿಗೆ ನೀರು ಇಳಿಸುವ ಗುಳಿಗೆ ತೆಗೆದುಕೊಳ್ಳುವವರು ಅದನ್ನು ಬೆಳಿಗ್ಗೆ ನುಂಗುತ್ತಾರೆ, ಆಮೇಲೆ ಎರಡು ಮೂರು ತಾಸು ಪದೇ ಪದೇ ಎದ್ದುಹೋಗಬೇಕಾಗುತ್ತದೆ. ಅವರು ‘ಆಸಕ್ತಿ ಇಲ್ಲ’ ಅಂತಾರೆ, ಖರೇ ಕಾರಣ ಹೇಳುವುದಿಲ್ಲ. ನಿಮ್ಮಲ್ಲಿ ಪಾಯಖಾನೆ ಇರುವುದು ದೊಡ್ಡ ಪುಣ್ಯ. ಅದರ ಕೀಲಿ ಗುಂಪು ಶುರುವಾಗುವ ಮುಂಚೆ ತೆರೆದಿರಬೇಕು, ಒಳಗೆ ಬಕೆಟ್ ತುಂಬಿರಬೇಕು. ಇದನ್ನು ಒಬ್ಬರ ಹೆಸರಿಗೆ ಹಚ್ಚಿ.

ಫರಸಿ ದಾರಿ ನೋಡಿಕೊಳ್ಳಿ. ಒಣಗಿದ್ದಾಗ ಛಲೋ, ಮಳೆಗಾಲದಲ್ಲಿ ಪಾಚಿ ಕಟ್ಟಿದರೆ ಗಾಜಿನಂತೆ ಜಾರುತ್ತದೆ. ಕಲ್ಲು ಕಲ್ಲಿನ ಸಂದಿನಲ್ಲಿ ಅರ್ಧ ಇಂಚು ಏರುಪೇರಿದ್ದರೂ ಕಾಲೆಳೆದು ನಡೆಯುವವರು ಅಲ್ಲೇ ಮುಗ್ಗರಿಸುತ್ತಾರೆ. ಎದ್ದ ಅಂಚಿಗೆ ಬಿಳಿ ಸುಣ್ಣ ಬಳಿಯಿರಿ, ಕಣ್ಣು ಮಂಜಾದವರಿಗೂ ಕಾಣುತ್ತದೆ. ಇನ್ನು ಎರೆಮಣ್ಣು: ಮಳೆ ಬಿದ್ದ ಮರುದಿನ ಚಪ್ಪಲಿ ಅಡಿಗೆ ಒಂದು ಬೆರಳು ದಪ್ಪ ಹತ್ತಿಕೊಂಡು ಬರುತ್ತದೆ, ಅದರ ಮೇಲೆ ನಿಂತು ಒಂಟಿಗಾಲ ವ್ಯಾಯಾಮ ಮಾಡಿಸುವುದು ಕೈಯಾರೆ ಬೀಳಿಸಿದಂತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಭಾಮಂಟಪದೊಳಗೇ ಇಡಿ, ಬಾಗಿಲಿಗೆ ಗೋಣಿಚೀಲ ಹಾಸಿ.

ಬೀದರ್ ಫಿಸಿಯೋ ಉತ್ತರಿಸಿದ್ದು:

ವ್ಯಾಯಾಮದ ಭಾಗ ನಾನು ಬರೆಯುತ್ತೇನೆ. ಮೊದಲ ದಿನ ಪ್ರತಿಯೊಬ್ಬರಿಗೂ ಎರಡು ಸಣ್ಣ ಪರೀಕ್ಷೆ ಮಾಡಿ, ಒಂದು ವಹಿಯಲ್ಲಿ ಬರೆದಿಡಿ.

ಒಂದು: ಖುರ್ಚಿಯಿಂದ ಎದ್ದು 3 ಮೀಟರ್, ಅಂದರೆ ಸುಮಾರು 10 ಅಡಿ ನಡೆದು, ತಿರುಗಿ ಬಂದು ಕೂಡುವುದು. ದಿನನಿತ್ಯದ ನಡಿಗೆಯ ವೇಗದಲ್ಲಿ 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಬೀಳುವ ಅಪಾಯ ಇದೆ ಅಂತ ತಿಳಿಯಿರಿ. ಎರಡು: ಎರಡೂ ಕೈ ಎದೆಯ ಮೇಲೆ ಕಟ್ಟಿ 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂಡುತ್ತಾರೆ. 70ರಿಂದ 74ರ ವಯಸ್ಸಿನ ಗಂಡಸರಿಗೆ 12, ಹೆಂಗಸರಿಗೆ 10ಕ್ಕಿಂತ ಕಡಿಮೆಯಾದರೆ ಕಾಲಿನ ಬಲ ಕುಗ್ಗಿದೆ. ಇವರನ್ನು ಬಿಟ್ಟುಬಿಡಬೇಡಿ, ಗೋಡೆ ಪಕ್ಕದ ಖುರ್ಚಿ ಇವರದು. ಮೂರು ತಿಂಗಳಾದ ಮೇಲೆ ಅದೇ ಪರೀಕ್ಷೆ ಮತ್ತೆ ಮಾಡಿ. 7 ಇದ್ದದ್ದು 10 ಆಗಿದ್ದನ್ನು ಕಣ್ಣಾರೆ ಕಂಡವರು ಗುಂಪು ಬಿಡುವುದಿಲ್ಲ.

ನಡುವಿನ ಮುಖ್ಯ ವ್ಯಾಯಾಮ ಒಂದೇ ಒಂದು ಆರಿಸಿಕೊಳ್ಳಿ ಅಂದರೆ ಎದ್ದು-ಕೂಡುವುದನ್ನೇ ಆರಿಸುತ್ತೇನೆ. ಪಾಯಖಾನೆಗೆ ಯಾರ ನೆರವೂ ಇಲ್ಲದೆ ಹೋಗಿಬರುವ ಬಲ ಅದರಲ್ಲಿದೆ. ಖುರ್ಚಿಯ ಕೂಡುವ ಎತ್ತರ 43ರಿಂದ 45 ಸೆಂಟಿಮೀಟರ್ ಇರಲಿ. ಉದ್ಯಾನದ ಕಟ್ಟೆ ಸಾಮಾನ್ಯವಾಗಿ ಅದಕ್ಕಿಂತ ತಗ್ಗು, ಅಲ್ಲಿ ಬೇಡ. ಪ್ಲಾಸ್ಟಿಕ್ ಖುರ್ಚಿ ಫರಸಿ ಮೇಲೆ ಹಿಂದಕ್ಕೆ ಸರಿಯುತ್ತದೆ, ಬೆನ್ನು ಗೋಡೆಗೆ ತಾಗಿಸಿಯೇ ಇಡಬೇಕು. ಕಾಲು ಅಗಲಿಸಿಕೊಂಡ, ಸೀಳು ಬಿದ್ದ ಖುರ್ಚಿಯನ್ನು ಅವತ್ತೇ ಎತ್ತಿ ಹೊರಗಿಡಿ. ಮೊಣಕಾಲು ನೋವಿದ್ದವರಿಗೆ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಕೂಡುವ ಜಾಗಕ್ಕೆ ಹಾಕಿದರೆ ಎತ್ತರ ಹೆಚ್ಚಿ ನೋವು ಇಳಿಯುತ್ತದೆ.

ಮಾಡುವ ಬಗೆ: ಖುರ್ಚಿಯ ಅಂಚಿಗೆ ಸರಿದು, ಪಾದ ಹೆಗಲಗಲ ಇಟ್ಟು, ಹಿಮ್ಮಡಿಯನ್ನು ಮೊಣಕಾಲಿಗಿಂತ ಸ್ವಲ್ಪ ಹಿಂದೆ ಎಳೆದುಕೊಳ್ಳಬೇಕು. ಮೂಗು ಕಾಲ್ಬೆರಳ ಮೇಲೆ ಬರುವಷ್ಟು ಮುಂದೆ ಬಾಗಿ, ಉಸಿರು ಬಿಡುತ್ತಾ ಏಳಬೇಕು. ಕೂಡುವಾಗ ಒಂದು-ಎರಡು-ಮೂರು ಎಣಿಸುತ್ತ ನಿಧಾನ. ದೊಪ್ಪನೆ ಕುಸಿದರೆ ಅರ್ಧ ಲಾಭ ಹೋಯಿತು, ಸೊಂಟಕ್ಕೂ ಪೆಟ್ಟು. ಎರಡು ವಾರ 5 ಸಲದ ಎರಡು ಸುತ್ತು, ಆಮೇಲೆ 8, ಆಮೇಲೆ 10. ಮೊಣಕಾಲುಗಳು ಒಳಕ್ಕೆ ವಾಲುತ್ತಿದ್ದರೆ ನಡುವೆ ಒಂದು ಮುಷ್ಟಿ ಅಂತರ ಇಡಲು ಹೇಳಿ. ಸೀರೆಯ ನೆರಿಗೆ, ಧೋತರದ ಅಂಚು ಕಾಲಡಿಗೆ ಸಿಗುವುದೂ ಬೀಳುವುದಕ್ಕೆ ಒಂದು ಕಾರಣ. ಹಿಮ್ಮಡಿಯಿಂದ ನಾಲ್ಕು ಬೆರಳು ಮೇಲೆ ಬರುವಂತೆ ಸಿಗಿಸಿಕೊಂಡ ಮೇಲೆಯೇ ಶುರು ಮಾಡಿ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಖುರ್ಚಿಯ ಬೆನ್ನು ಹಿಡಿದು ಹಿಮ್ಮಡಿ ಎತ್ತುವುದು 10 ಸಲ. ಪಾದ ಜೋಡಿಸಿ ನಿಲ್ಲುವುದು, ಆಮೇಲೆ ಅರ್ಧ ಹೆಜ್ಜೆ ಮುಂದೆ, ಆಮೇಲೆ ಒಂದರ ಹಿಂದೊಂದು, ಪ್ರತಿಯೊಂದೂ 10 ಸೆಕೆಂಡ್. ಕೊನೆಯದು ಮಾಡಲು ಆಗದವರು ಅದರ ಹಿಂದಿನದರಲ್ಲೇ ಇರಲಿ. ತೋಳಿಗೆ ಅರ್ಧ ಲೀಟರ್ ನೀರಿನ ಬಾಟಲಿ, ಅದೇ ಅರ್ಧ ಕೆಜಿ. ಆಯಾಸದ ಅಳತೆಗೆ ನಾಡಿ ಹಿಡಿಯಬೇಡಿ. ಬಿಪಿ ಗುಳಿಗೆಗಳಲ್ಲಿ ಕೆಲವು ನಾಡಿ ಏರದಂತೆ ತಡೆಯುತ್ತವೆ. ಮಾತಾಡಲು ಬರಬೇಕು, ಹಾಡಲು ಬರಬಾರದು, ಅಷ್ಟೇ ಶ್ರಮ ಸಾಕು.

ಬೇಡವಾದದ್ದು: ಉಸಿರು ಬಿಗಿಹಿಡಿಯುವುದು ಯಾರಿಗೂ ಬೇಡ. ಕಪಾಲಭಾತಿ ಮತ್ತು ಹೊಟ್ಟೆ ಕುಲುಕಿಸಿ ನಗುವ ನಗೆಕೂಟದ ವ್ಯಾಯಾಮ, ಹರ್ನಿಯಾ, ಗ್ಲಾಕೋಮಾ (ಕಣ್ಣಿನ ಒತ್ತಡದ ಕಾಯಿಲೆ), ಏರಿದ ಬಿಪಿ ಇದ್ದವರಿಗೆ ಬೇಡ. ಕಣ್ಣಿನ ಪೊರೆ ಆಪರೇಷನ್ ಆದವರಿಗೆ ಕಣ್ಣಿನ ಡಾಕ್ಟರು ಹೂಂ ಅನ್ನುವವರೆಗೆ ಬೇಡ. ಕೆಮ್ಮಿದರೆ, ನಕ್ಕರೆ ಮೂತ್ರ ಸೋರುವ ಹೆಂಗಸರು ಅಂಥ ನಗೆಯ ವ್ಯಾಯಾಮಕ್ಕೆ ಹೆದರಿಯೇ ದೂರ ಉಳಿಯುತ್ತಾರೆ, ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬಿಪಿ 180/110 ದಾಟಿದ ದಿನ ವ್ಯಾಯಾಮವಿಲ್ಲ, ಆದರೆ ಮನೆಗೆ ಕಳಿಸಬೇಡಿ, ಕೂಡಿಸಿ ಮಾತಾಡಿಸಿ, ಮತ್ತೆ ಅಳೆದು ಅವತ್ತೇ ಡಾಕ್ಟರಿಗೆ ತೋರಿಸಲು ಹೇಳಿ. ತಲೆನೋವು, ಎದೆನೋವು, ಮಾತು ತೊದಲುವುದು ಜೊತೆಗಿದ್ದರೆ ಕಾಯದೆ 108ಕ್ಕೆ ಫೋನ್.

ಸಕ್ಕರೆ ಕಾಯಿಲೆಯವರು ಖಾಲಿ ಹೊಟ್ಟೆಯಲ್ಲಿ ಬರಬಾರದು, ಇನ್ಸುಲಿನ್ ತೆಗೆದುಕೊಳ್ಳುವವರಂತೂ ಖಂಡಿತ ಬರಬಾರದು. ಬೆವರು, ನಡುಕ, ಮಾತು ತಡವರಿಸುವುದು ಕಂಡರೆ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, 15 ನಿಮಿಷ ನೋಡಿ, ಸುಧಾರಿಸದಿದ್ದರೆ ಮತ್ತೊಮ್ಮೆ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕದೆ 108 ಕರೆಯಿರಿ.

ಭೀಮಾ ದಂಡೆ ಉತ್ತರಿಸಿದ್ದು:

ಯಾದಗಿರಿ ಕಡೆಯಿಂದ ಬರೀಲಿಕ್ಕತ್ತೀನ್ರಿ. ಹೆಣ್ಣುಮಕ್ಕಳದ್ದು ಹೇಳ್ತೀನಿ.

ಮುಂಜಾನೆ 6ಕ್ಕ ಇಟ್ಟು ‘ಹೆಂಗಸರು ಬರವಲ್ಲರು’ ಅನ್ನೋದು ತಪ್ಪು. ಆ ಹೊತ್ತಿಗೆ ಅವರು ಒಲಿ ಮುಂದ ರೊಟ್ಟಿ ಬಡೀತಿರ್ತಾರ, ಇಲ್ಲಾ ಮೊಮ್ಮಕ್ಕಳನ್ನ ಸಾಲಿಗೆ ತಯಾರ ಮಾಡ್ತಿರ್ತಾರ. 65 ಆದ ಮ್ಯಾಲೂ ಅಡಗಿ ಮನಿ ಬಿಟ್ಟಿಲ್ಲ. ಅವರಿಗೆ 11ರಿಂದ 12, ಇಲ್ಲಾಂದ್ರ ಸಂಜಿ 5. 11ಕ್ಕ ಇಟ್ಟರ ಸಭಾಮಂಟಪದ ಒಳಗ, ಫ್ಯಾನ್ ಇರಬೇಕು. ಮೊದಲ ಎರಡು ತಿಂಗಳು ಹೆಂಗಸರದ್ದೇ ಬ್ಯಾರೆ ಗುಂಪು ಇರಲಿ, ಸೆರಗು ಸರಿದೀತು ಅಂತ ಅಂಜಿಕಿ ಇಲ್ಲದ ಕೈ ಮ್ಯಾಲ ಎತ್ತತಾರ. ಆಮ್ಯಾಲ ತಿಂಗಳಿಗೊಮ್ಮೆ ಎರಡೂ ಗುಂಪು ಕೂಡಿಸ್ರಿ.

ಗುಡಿ ಮಂಟಪ ಅಂತ ಹೇಳೀರಿ. ಬಡಾವಣಿಯೊಳಗ ಮುಸಲ್ಮಾನ ಮನಿಗಳಿದ್ದರ ಅವರು ಅಲ್ಲಿ ಬರ್ತಾರೇನು, ಮೊದಲೇ ಮನೀಗೆ ಹೋಗಿ ಕೇಳ್ರಿ. ಕಲಬುರಗಿಯೊಳಗ ಶರಣಬಸವೇಶ್ವರರ ಜಾತ್ರಿಗೂ ಬಂದೇ ನವಾಜರ ಉರುಸಿಗೂ ಊರೆಲ್ಲ ಹೋಗ್ತದ, ಆದರೂ ದಿನಾ ಕೂಡೋ ಜಾಗದಾಗ ಯಾರಿಗೂ ಮುಜುಗರ ಆಗಬಾರದು. ಶುರುವಿನಾಗ ಪ್ರಾರ್ಥನಿ ಇಡದೇ ಎಲ್ಲರೂ ತಮ್ಮ ತಮ್ಮ ಹೆಸರು ಹೇಳಿ ಶುರು ಮಾಡಿದರ ಛಲೋ. ರಮಜಾನ್ ತಿಂಗಳು ರೋಜಾ ಇದ್ದವರಿಗೆ ಕುಂತು ಮಾಡೋ ಹಗುರ ವ್ಯಾಯಾಮ ಮಾತ್ರ, ಚಹಾ ಅವರ ಮುಂದ ಬ್ಯಾಡ. ಎಣಿಕಿ ಕನ್ನಡದಾಗ ಒಂದು ಸಲ, ದಖನಿ ಉರ್ದುವಿನೊಳಗ ಒಂದು ಸಲ. ಎಣಿಸ್ಲಿಕ್ಕೆ ಒಬ್ಬೊಬ್ಬರಿಗೆ ಪಾಳಿ ಹಚ್ಚರಿ, ನಾಕು ತಿಂಗಳು ದನಿ ತಗೀದವರೂ ಹತ್ತರ ತನಕ ಎಣಿಸ್ತಾರ.

ಹಾಡು ಬಿಡಬ್ಯಾಡ್ರಿ. ನಮ್ಮ ಕಡೆ ತತ್ವಪದ ಬಾಯಿಪಾಠ ಇದ್ದ ಹಿರಿಯರು ಇನ್ನೂ ಅವರ. ಒಬ್ಬರು ಎತ್ತಿಕೊಟ್ಟರ ಉಳಿದವರು ಸೊಲ್ಲು ಹಿಡೀತಾರ. ಉದ್ದ ಉಸಿರಿನ ವ್ಯಾಯಾಮನೂ ಆತು.

ಮತ್ತ, ಶಕ್ತಿ ಯೋಜನಾದಾಗ ಹೆಣ್ಣುಮಕ್ಕಳಿಗೆ ಸಾದಾ ಬಸ್ಸಿನಾಗ ಪುಕ್ಕಟೆ ಅದ, 2023ರ ಜೂನ್‌ನಿಂದ. ಎರಡು ತಿಂಗಳಿಗೊಮ್ಮೆ ಗಾಣಗಾಪುರನೋ ಸನ್ನತಿನೋ ಹೋಗಿ ಬರ್ರಿ. ಆಧಾರ್ ಕಾರ್ಡ್ ಮರೀಬ್ಯಾಡ್ರಿ. ಬೀದರಿನ ನರಸಿಂಹ ಝರಣಿ ಮಾತ್ರ ಬ್ಯಾಡ, ಒಳಗ ನೀರಿನಾಗ ನಡೀಬೇಕಾಗ್ತದ, ಮೊಣಕಾಲಿನವರಿಗೆ ಆಗಂಗಿಲ್ಲ.

ತೊಗರಿನಾಡು:

ಇಷ್ಟು ವಿವರ ಸಿಗ್ತದಂತ ಅಂದುಕೊಂಡಿರಲಿಲ್ಲ. ಇನ್ನೆರಡು ಪ್ರಶ್ನೆ ಉಳೀತು. ಗುಂಪು ಯಾರಿಗೆ ಹೆಚ್ಚು ಬೇಕೋ ಅವರೇ ಮನಿ ಬಿಟ್ಟು ಹೊರಗ ಬರಂಗಿಲ್ಲ, ಅವರನ್ನ ಹ್ಯಾಂಗ ತರೋದು? ಮತ್ತ, ಕಿವಿ ಕೇಳದ ಹಿರಿಯರೊಬ್ಬರು ವ್ಯಾಯಾಮಕ್ಕ ಬರ್ತೀನಿ, ಆಮ್ಯಾಲಿನ ಮಾತಿಗೆ ಕುಂಡ್ರಂಗಿಲ್ಲ ಅಂತ ಈಗಲೇ ಹೇಳ್ಯಾರ.

ಕಟ್ಟೆಮಾತು:

ಮನೆ ಬಿಟ್ಟು ಬಾರದವರಿಗೆ ಪಾಂಪ್ಲೆಟ್, ವಾಟ್ಸಾಪ್ ಎರಡೂ ಕೆಲಸಕ್ಕೆ ಬರುವುದಿಲ್ಲ. ‘ನಿಮಗೆ ಒಂಟಿತನ ಇದೆಯೇ’ ಅಂತ ನೇರ ಕೇಳಿದರೆ ‘ಏನೂ ಇಲ್ಲಪ್ಪ, ಆರಾಮ ಇದ್ದೀನಿ’ ಅಂತಾರೆ, ಮಕ್ಕಳಿಗೆ ಕೆಟ್ಟ ಹೆಸರು ಬಂದೀತೆಂಬ ಅಳುಕು. ಬೇರೆ ದಾರಿ ಇದೆ. ಜಗತ್ತಿನಲ್ಲಿ ಬಹಳ ಕಡೆ ಬಳಸುವ ಮೂರು ಪ್ರಶ್ನೆಗಳನ್ನು ನಮ್ಮ ಮಾತಿನಲ್ಲೇ ಕೇಳಬಹುದು: ಜೊತೆಗೊಬ್ಬರು ಇರಬೇಕಿತ್ತು ಅನಿಸ್ತದೇನು? ನನ್ನ ಬಿಟ್ಟು ಎಲ್ಲಾ ನಡೀತದ ಅನಿಸ್ತದೇನು? ಎಲ್ಲರಿಂದ ದೂರ ಉಳಿದೀನಿ ಅನಿಸ್ತದೇನು? ಅಪರೂಪಕ್ಕೆ ಅಂದರೆ 1, ಒಮ್ಮೊಮ್ಮೆ 2, ಆಗಾಗ 3. ಕೂಡಿಸಿದಾಗ 6 ಅಥವಾ ಹೆಚ್ಚು ಬಂದವರ ಮನೆಗೆ ಮೊದಲು ಹೋಗಿ. ಅಂಕ ಅವರ ಎದುರಿಗೆ ಬರೆಯಬೇಡಿ, ಯಾರಿಗೂ ತೋರಿಸಬೇಡಿ.

ಹೋಗುವಾಗ ಇಬ್ಬರು ಹೋಗಿ, ‘ಬನ್ನಿ’ ಅನ್ನುವ ಬದಲು ಒಂದು ಕೆಲಸ ಕೇಳಿ. ‘ನಿಮ್ಮ ಅಕ್ಷರ ಛಲೋ ಅದ, ಹಾಜರಿ ವಹಿ ಬರೆದುಕೊಡ್ರಿ’, ‘ಚಹಾದ ಲೆಕ್ಕ ನೀವು ನೋಡ್ರಿ’. ನೆರವು ಪಡೆಯಲು ಬರಲು ನಾಚುವವರು ನೆರವು ಕೊಡಲು ಬರುತ್ತಾರೆ. ಮೊದಲ ಮೂರು ಸಲ ಒಬ್ಬರು ಅವರ ಬಾಗಿಲಿಗೆ ಹೋಗಿ ಜೊತೆಗೆ ಕರೆತರಬೇಕು. ನಾಲ್ಕನೆಯ ಸಲ ಅವರೇ ಚಪ್ಪಲಿ ಮೆಟ್ಟಿ ಕಾಯುತ್ತಿರುತ್ತಾರೆ.

ಬಂದವರನ್ನು ಉಳಿಸಿಕೊಳ್ಳುವುದು ಫೋನಿನ ಸರಪಳಿ. ಒಬ್ಬೊಬ್ಬರ ಪಾಲಿಗೆ ಮೂರು ಹೆಸರು, ದೊಡ್ಡ ಅಕ್ಷರದಲ್ಲಿ ಕಾಗದದ ಮೇಲೆ. ಒಂದು ಸಲ ತಪ್ಪಿದರೆ ಅವತ್ತೇ ಫೋನ್, ಎರಡು ಸಲ ತಪ್ಪಿದರೆ ಇಬ್ಬರು ಮನೆಗೆ. ವಾಟ್ಸಾಪ್ ಗುಂಪಿನಲ್ಲಿ ಹೊತ್ತು, ಜಾಗ, ಆರೋಗ್ಯದ ಸುದ್ದಿ ಬಿಟ್ಟು ಬೇರೇನೂ ಬೇಡ. ಚುನಾವಣೆಯ ಒಂದು ಫಾರ್ವರ್ಡ್ 15 ಮಂದಿಯನ್ನು ಎರಡು ಪಾಲು ಮಾಡುತ್ತದೆ. ನೋಂದಣಿ, ಅಧ್ಯಕ್ಷ, ಕಾರ್ಯದರ್ಶಿ ಅಂತ ಮೊದಲ ವರ್ಷ ಹಚ್ಚಿಕೊಳ್ಳಬೇಡಿ, ಜಗಳ ಶುರುವಾಗುವುದೇ ಆ ಹುದ್ದೆಗಳಿಂದ. ಚಹಾಕ್ಕೆ ಆಳಿಗೆ 10 ರೂಪಾಯಿ, 15 ಮಂದಿ, ತಿಂಗಳಿಗೆ 12 ಸಲ ಅಂದರೆ 1800 ರೂಪಾಯಿ. ಡಬ್ಬಿಯೊಂದು ಇಡಿ, ಹಾಕುವವರು ಹಾಕಲಿ, ಯಾರು ಎಷ್ಟು ಅಂತ ಬರೆಯಬೇಡಿ.

ಒಂದು ಕಷ್ಟದ ಮಾತು. 70-80ರವರ ಗುಂಪಿನಲ್ಲಿ ಒಂದಲ್ಲ ಒಂದು ದಿನ ಒಬ್ಬರು ತೀರಿಕೊಳ್ಳುತ್ತಾರೆ. ಆ ವಾರ ಗುಂಪು ರದ್ದು ಮಾಡಿದರೆ ಪ್ರತಿಯೊಬ್ಬರೂ ತಮ್ಮ ತಮ್ಮ ಮನೆಯಲ್ಲಿ ಒಬ್ಬರೇ ಕೂತು ಅದನ್ನು ನುಂಗುತ್ತಾರೆ, ಎಷ್ಟೋ ಮಂದಿ ಮರಳಿ ಬರುವುದಿಲ್ಲ. ಅದೇ ಹೊತ್ತಿಗೆ ಕೂಡಿರಿ, ವ್ಯಾಯಾಮ ಬಿಡಿ, ಹೋದವರ ಬಗ್ಗೆ ಒಬ್ಬೊಬ್ಬರೂ ಒಂದು ಮಾತು ಆಡಲಿ. ಉಳಿದ ಸಂಗಾತಿಯನ್ನು 15 ದಿನದೊಳಗೆ ಇಬ್ಬರು ಹೋಗಿ ಕರೆತರಲಿ. ಎರಡು ವಾರ ಮೀರಿ ನಿದ್ದೆ, ಊಟ ಬಿಟ್ಟವರು, ‘ಇದ್ದು ಏನು ಮಾಡೋದು’ ಅನ್ನುವವರು ಇದ್ದರೆ ಗುಂಪಿನ ಪ್ರೀತಿಯೊಂದೇ ಸಾಲದು, ಡಾಕ್ಟರು ಬೇಕು. ಟೆಲಿ-ಮಾನಸ್ 14416ಕ್ಕೆ ಕನ್ನಡದಲ್ಲೇ ಪುಕ್ಕಟೆ ಮಾತಾಡಬಹುದು. ಮನೆಯಲ್ಲಿ ಹಿಂಸೆ, ಪಿಂಚಣಿಯ ತಕರಾರು ಇದ್ದರೆ ಹಿರಿಯರ ಸಹಾಯವಾಣಿ 14567.

ಬೀದರ್ ಫಿಸಿಯೋ:

ಕಿವಿಯ ವಿಚಾರ. ಅವರು ಮಾತಿಗೆ ಕೂಡುವುದಿಲ್ಲ ಅನ್ನುವುದು ಬೇಸರದಿಂದಲ್ಲ, ದಣಿವಿನಿಂದ. ಅರ್ಧಂಬರ್ಧ ಕೇಳಿದ್ದನ್ನು ಜೋಡಿಸಿ ಜೋಡಿಸಿ ತಲೆ ಬೇನೆ ಬರುತ್ತದೆ, ತಪ್ಪು ಜಾಗದಲ್ಲಿ ನಕ್ಕು ನಗೆಪಾಟಲಾಗುವ ಭಯ ಬೇರೆ. ಅವರ ಖುರ್ಚಿಯನ್ನು ಮೂಲೆಯಲ್ಲಿ, ಬೆನ್ನ ಹಿಂದೆ ಗೋಡೆ ಬರುವಂತೆ ಹಾಕಿ. ಚೆನ್ನಾಗಿ ಕೇಳುವ ಕಿವಿಯ ಪಕ್ಕ ನಿಧಾನಕ್ಕೆ ಮಾತಾಡುವ ಒಬ್ಬರು ಕೂಡಲಿ. ಕಿಟಕಿ ಮಾತಾಡುವವರ ಎದುರಿಗಿರಲಿ, ಬೆನ್ನಿಗಿದ್ದರೆ ಮುಖ ಕಪ್ಪಾಗಿ ತುಟಿ ಕಾಣುವುದಿಲ್ಲ. ಕೂಗುವುದು ಬೇಡ, ಕೂಗಿದರೆ ಶಬ್ದ ಒಡೆಯುತ್ತದೆ. ಸ್ಟೀಲ್ ಲೋಟ, ತಟ್ಟೆಯ ಸದ್ದು ಸಭಾಮಂಟಪದ ಬೋಳು ಗೋಡೆಗೆ ಬಡಿದು ಎರಡರಷ್ಟಾಗುತ್ತದೆ. ನೆಲಕ್ಕೆ ಜಮಖಾನೆ ಹಾಸಿ, ಕಾಗದದ ಲೋಟ ತನ್ನಿ. ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು. ಇದಕ್ಕೆ ಒಂದು ಚೆಂಡು ಇಟ್ಟುಕೊಳ್ಳಿ, ಕೈಯಲ್ಲಿ ಚೆಂಡು ಇದ್ದವರದೇ ಮಾತು. ಆಗ ಯಾರ ಕಡೆ ನೋಡಬೇಕೆಂದು ಅವರಿಗೆ ಗೊತ್ತಾಗುತ್ತದೆ.

ಮನೆಯ ಆದಾಯ ಕಡಿಮೆ ಇದ್ದರೆ ಕೇಂದ್ರ ಸರ್ಕಾರದ ರಾಷ್ಟ್ರೀಯ ವಯೋಶ್ರೀ ಯೋಜನೆಯ ಶಿಬಿರಗಳಲ್ಲಿ ಶ್ರವಣಯಂತ್ರ, ಊರುಗೋಲು, ಕನ್ನಡಕ ಪುಕ್ಕಟೆ ಕೊಡುತ್ತಾರೆ, ಶಿಬಿರ ಯಾವಾಗ ಅಂತ ಜಿಲ್ಲೆಯ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯಲ್ಲಿ ವಿಚಾರಿಸಿ. ಆದರೆ ಯಂತ್ರ ಹಾಕಿದ ಮೊದಲ ವಾರವೇ ಗುಂಪಿನ ನಡುವೆ ಕೂಡಿಸಬೇಡಿ. ಎಲ್ಲ ಸದ್ದೂ ಒಟ್ಟಿಗೆ ನುಗ್ಗಿ ಬರುತ್ತದೆ, ಬಿಚ್ಚಿ ಜೇಬಿಗೆ ಹಾಕಿಬಿಡುತ್ತಾರೆ. ಮೊದಲು ಮನೆಯಲ್ಲಿ ಒಬ್ಬರ ಜೊತೆ ದಿನಕ್ಕೆ ಒಂದೆರಡು ತಾಸು, ಆಮೇಲೆ ಮೂವರ ಜೊತೆ ಉದ್ಯಾನದ ಬೆಂಚಿನ ಮೇಲೆ. ವೃತ್ತಕ್ಕೆ ಮೂರನೆಯ ವಾರ ಬರಲಿ, ಚೆಂಡು ಮೊದಲು ಅವರ ಕೈಗೇ ಕೊಡಿ.